ಒಪ್ಪಿಸುವ ಪ್ರಬಂಧ ಬರೆದ ಅನುಭವ: ಬ್ಯಾಗು, ತಕ್ಕಡಿ ಮತ್ತು ನಮ್ಮ ಗಣಿತದ ಸರ್

ನಮ್ಮ ಕನ್ನಡ ಮಿಸ್ ಈ ಸಲದ ಎಫ್‌ಎ (ವರ್ಷದ ನಡುನಡುವೆ ಅಂಕ ಕೊಡುವ ಮೌಲ್ಯಮಾಪನ) ಚಟುವಟಿಕೆಗೆ ಒಂದು ಪ್ರಬಂಧ ಕೊಟ್ಟಿದ್ದರು. "ಒಂದು ವಿಷಯದಲ್ಲಿ ನಿಮ್ಮ ನಿಲುವು ಏನು ಅಂತ ಹೇಳಿ. ಓದುವವರು ಒಪ್ಪುವ ಹಾಗೆ ಬರೆಯಿರಿ. ನಾಲ್ಕು ಪುಟ ದಾಟಬಾರದು." ಸೂಚನೆ ಇಷ್ಟೇ. ನಾನು ಓದುವುದು ಒಂಬತ್ತನೇ ತರಗತಿ, ತಿಪಟೂರು ಕಡೆಯ ಒಂದು ಖಾಸಗಿ ಶಾಲೆಯಲ್ಲಿ, ರಾಜ್ಯ ಪಠ್ಯಕ್ರಮ. ಪ್ರಬಂಧ ಅಂದರೆ ನಮಗೆಲ್ಲ ಗೊತ್ತಿರುವುದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತೇವೆ, ಅದಕ್ಕೇ ಅಂಕ ಬರುತ್ತದೆ. ಒಂದು ಭಾನುವಾರ ಕೂತರೆ ಮುಗಿಯುತ್ತದೆ ಅಂತ ಕ್ಲಾಸಿನಲ್ಲಿ ಎಲ್ಲರೂ ಮಾತಾಡಿಕೊಂಡೆವು. ಆಗಸ್ಟ್‌ನಲ್ಲಿ ಶುರುವಾದದ್ದು ದಸರಾ ರಜೆಯ ಹೊತ್ತಿಗೆ ಮುಗಿಯಿತು. ಮುಂದೆ ಇಂಥ ಪ್ರಬಂಧ ಬರೆಯುವವರಿಗೆ ದಾರಿ ಸ್ವಲ್ಪ ಸುಲಭವಾಗಲಿ ಅಂತ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲ ಅಡ್ಡಿ ವಿಷಯವೇ. ನನ್ನ ಗೆಳತಿ "ಗ್ರಂಥಾಲಯದ ಮಹತ್ವ" ಅಂತ ಬರೆದುಕೊಂಡು ಹೋದಳು. ಮಿಸ್ ಕೇಳಿದರು: "ಗ್ರಂಥಾಲಯ ಬೇಡ ಅನ್ನೋರು ನಿಂಗೆ ಯಾರಾದ್ರೂ ಗೊತ್ತಾ?" ಅವಳು ಇಲ್ಲ ಅಂದಳು. "ಮತ್ತೆ ಯಾರನ್ನ ಒಪ್ಪಿಸ್ತೀಯಾ?" ಅಂತ ವಾಪಸ್ ಕಳಿಸಿದರು. ಪರಿಸರ ಮಾಲಿನ್ಯ, ಸ್ವಚ್ಛತೆ, ಶಿಸ್ತು, ಎಲ್ಲವೂ ಹೀಗೇ ವಾಪಸ್ ಬಂದವು. ಕೆಲವರು ಮೊಬೈಲ್‌ನಲ್ಲಿ ಸಿಕ್ಕ ಪ್ರಬಂಧಗಳನ್ನು ಇಳಿಸಿಕೊಂಡು ಬಂದಿದ್ದರು. ಅವೆಲ್ಲ "ಇಂದಿನ ಆಧುನಿಕ ಯುಗದಲ್ಲಿ" ಅಂತಲೇ ಶುರುವಾಗುತ್ತಿದ್ದವು. ಮಿಸ್ ಮೊದಲ ಸಾಲು ಓದಿ ಕೆಳಗಿಡುತ್ತಿದ್ದರು.

ನಾನು ಆರಿಸಿಕೊಂಡದ್ದು ಶಾಲೆಯ ಬ್ಯಾಗಿನ ಭಾರ. ನನ್ನ ತಮ್ಮ ಅದೇ ಶಾಲೆಯಲ್ಲಿ ಆರನೇ ತರಗತಿ. ಅವರ ಕ್ಲಾಸು ಎರಡನೇ ಮಹಡಿಯಲ್ಲಿದೆ. ಅವನು ದಿನಾ ಮೆಟ್ಟಿಲ ಮಧ್ಯದಲ್ಲಿ ಬ್ಯಾಗನ್ನು ಗೋಡೆಗೆ ಒರಗಿಸಿ ಒಂದು ನಿಮಿಷ ನಿಲ್ಲುತ್ತಾನೆ, ಆಮೇಲೆ ಹತ್ತುತ್ತಾನೆ. "ಮಕ್ಕಳ ಬ್ಯಾಗಿನ ಭಾರ ಕಡಿಮೆಯಾಗಬೇಕು" ಅಂತ ನಾನು ಬರೆದುಕೊಟ್ಟೆ. ಅದೂ ವಾಪಸ್ ಬಂತು. "ಇದಕ್ಕೂ ಎಲ್ರೂ ಹೌದು ಅಂತಾರಮ್ಮ. ಹೌದು ಅಂದ್ಬಿಟ್ಟು ಸುಮ್ನೆ ಇರ್ತಾರೆ. ಯಾರು ಏನು ಮಾಡ್ಬೇಕು ಅಂತ ನೀನು ಕೇಳ್ತಾ ಇದೀಯ?" ಅಂದರು ಮಿಸ್. ಆ ಪ್ರಶ್ನೆಗೆ ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ತುಂಬಾ ಹೊತ್ತು ಬೇಜಾರಾಗಿ ಕೂತಿದ್ದೆ.

ವಿಷಯ ಹುಡುಕುತ್ತಿರುವವರು ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಸಾಲನ್ನು ಓದಿದ ಮೇಲೆ "ಇಲ್ಲ, ನಾನು ಒಪ್ಪಲ್ಲ, ಯಾಕಂದ್ರೆ" ಅಂತ ಶುರು ಮಾಡುವ ಒಬ್ಬ ಮನುಷ್ಯ ನಿಮ್ಮ ಸುತ್ತಮುತ್ತ ಇರಬೇಕು. ಇಡೀ ಸಮಾಜಕ್ಕೆ ಬರೆಯಲು ಹೋಗಬೇಡಿ, ಆ ಒಬ್ಬರು ಸಾಕು. ನನಗೆ ಸಿಕ್ಕವರು ನಮ್ಮ ಗಣಿತದ ಸರ್. ಶಾಲೆಯ ಟೈಮ್‌ಟೇಬಲ್ ಹಾಕುವವರು ಅವರೇ. "ದಿನಾ ಎಲ್ಲ ಪುಸ್ತಕ ತರಬೇಕು" ಅಂತ ಅಸೆಂಬ್ಲಿಯಲ್ಲಿ ಹೇಳುವವರೂ ಅವರೇ. ಅವರಿಗೇ ಬರೆಯುತ್ತೇನೆ ಅಂತ ತೀರ್ಮಾನ ಮಾಡಿದ ಮೇಲೆ ಏನು ಹುಡುಕಬೇಕು, ಏನು ಬೇಡ ಅನ್ನುವುದು ಸ್ಪಷ್ಟವಾಯಿತು. ಅವರು ಅಂಕಿ ಇಲ್ಲದ ಮಾತು ಕೇಳುವವರಲ್ಲ.

ಆಮೇಲೆ ಕಾಗದಪತ್ರದ ಕೆಲಸ. ಬ್ಯಾಗಿನ ತೂಕಕ್ಕೆ ಸರ್ಕಾರದ ನಿಯಮ ಇದೆ ಅಂತ ಕೇಳಿದ್ದೆ, ಎಷ್ಟು ಅಂತ ಗೊತ್ತಿರಲಿಲ್ಲ. ಹಳೆಯ ಪೇಪರ್ ಸುದ್ದಿಗಳನ್ನು ನೋಡಿದರೆ ಒಂದೊಂದರಲ್ಲಿ ಒಂದೊಂದು ಅಂಕಿ. ಆರನೇ ತರಗತಿಗೆ ಒಂದು ಕಡೆ 4 ಕೆಜಿ, ಇನ್ನೊಂದು ಕಡೆ 3ರಿಂದ 4 ಕೆಜಿ, ಮತ್ತೊಂದು ಕಡೆ 2ರಿಂದ 3 ಕೆಜಿ. ಯಾರೋ ತಪ್ಪು ಬರೆದಿದ್ದಾರೆ ಅಂದುಕೊಂಡಿದ್ದೆ. ಆದರೆ ಮೂರೂ ಸರಿಯೇ, ಮೂರೂ ಬೇರೆ ಬೇರೆ ಆದೇಶಗಳು. 4 ಕೆಜಿ ಅನ್ನುವುದು 2018ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಳಿಸಿದ ಸೂಚನೆಯದು. 3ರಿಂದ 4 ಕೆಜಿ ಅನ್ನುವುದು 2019ರಲ್ಲಿ ಕರ್ನಾಟಕ ಶಿಕ್ಷಣ ಇಲಾಖೆ ಹೊರಡಿಸಿದ್ದು. ಅದರ ಪ್ರಕಾರ 1-2ನೇ ತರಗತಿಗೆ 1.5ರಿಂದ 2 ಕೆಜಿ, 3ರಿಂದ 5ಕ್ಕೆ 2ರಿಂದ 3 ಕೆಜಿ, 6ರಿಂದ 8ಕ್ಕೆ 3ರಿಂದ 4 ಕೆಜಿ, 9-10ಕ್ಕೆ 4ರಿಂದ 5 ಕೆಜಿ. 2ರಿಂದ 3 ಕೆಜಿ ಅನ್ನುವುದು 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯದು, ಬ್ಯಾಗು ಮಗುವಿನ ತೂಕದ ಶೇ 10ನ್ನು ದಾಟಬಾರದು ಅನ್ನುವ ಲೆಕ್ಕದ ಮೇಲೆ ಮಾಡಿದ್ದು.

ಪಕ್ಕದ ಮನೆಯ ಆಂಟಿ ಸರ್ಕಾರಿ ಶಾಲೆಯಲ್ಲಿ ಟೀಚರ್. ಅವರ ಹತ್ತಿರ ರಾಜ್ಯದ ಸುತ್ತೋಲೆಯ ಪ್ರತಿ ಇತ್ತು. ಜೆರಾಕ್ಸ್ ಮಾಡಿಸಿಕೊಂಡೆ, ಪುಟಕ್ಕೆ ಎರಡು ರೂಪಾಯಿ. ಮೂರರಲ್ಲಿ ಯಾವುದನ್ನು ಹಾಕಲಿ ಅಂತ ಕೇಳಿದಾಗ ಅವರು ಹೇಳಿದ ಮಾತು ತುಂಬಾ ಉಪಯೋಗಕ್ಕೆ ಬಂತು: "ನಿಮ್ಮ ಸರ್ ಯಾವುದಕ್ಕೆ ಬದ್ಧರೋ ಅದನ್ನ ಹಾಕು. ನಿಮ್ಮದು ರಾಜ್ಯ ಪಠ್ಯಕ್ರಮದ ಶಾಲೆ, ರಾಜ್ಯದ ಸುತ್ತೋಲೆ ಹಾಕು." ತುಂಬಾ ಕಡಿಮೆ ಇರುವ ಅಂಕಿ ಹಾಕಿದರೆ ನನ್ನ ವಾದಕ್ಕೆ ಜಾಸ್ತಿ ಬಲ ಬರುತ್ತದೆ ಅಂತ ಆಸೆಯಾಗಿತ್ತು. ಆದರೆ ಹಾಗೆ ಮಾಡಿದ್ದರೆ ಸರ್ "ಇದು ನಮಗೆ ಬಂದಿರೋ ಆದೇಶ ಅಲ್ಲ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಉದಾರವಾದ ಮಿತಿಯನ್ನೂ ನಮ್ಮ ಮಕ್ಕಳ ಬ್ಯಾಗು ದಾಟುತ್ತದೆ ಅಂತ ತೋರಿಸುವುದೇ ಗಟ್ಟಿ ವಾದ.

ಹಾಗೆ ತೋರಿಸಬೇಕಾದರೆ ತೂಕ ಮಾಡಬೇಕಲ್ವಾ? ಅಲ್ಲಿ ಕಾಯುವುದು ಶುರುವಾಯಿತು. ಹೆಡ್‌ಮಾಸ್ಟರ್‌ಗೆ ಅನುಮತಿ ಪತ್ರ ಬರೆದೆ. ಪತ್ರ ಅವರ ಮೇಜಿನ ಮೇಲೆ ಕೂತಿತು. ಸ್ವಾತಂತ್ರ್ಯ ದಿನಾಚರಣೆ ತಯಾರಿ, ಆಮೇಲೆ ಗೌರಿ ಗಣೇಶ ಹಬ್ಬದ ರಜೆ, ಆಮೇಲೆ ಪೋಷಕರ ಸಭೆ. ಕೇಳಲು ಹೋದಾಗಲೆಲ್ಲ "ನೋಡೋಣಮ್ಮ" ಅನ್ನುತ್ತಿದ್ದರು. ಕೊನೆಗೆ ಕನ್ನಡ ಮಿಸ್ ಜೊತೆಗೆ ಬಂದರು. ಆಗ ಹೆಡ್‌ಮಾಸ್ಟರ್ ತಮ್ಮ ಆತಂಕ ಹೇಳಿದರು: ಇದು ದೂರು ಆಗಿಬಿಟ್ಟರೆ? ಫೋಟೋ ತೆಗೆದು ಯಾರಾದರೂ ಗ್ರೂಪ್‌ಗೆ ಹಾಕಿದರೆ? ಆ ಭಯ ನ್ಯಾಯವಾದದ್ದೇ ಅಂತ ನನಗೂ ಅನ್ನಿಸಿತು. ಹೊಸ ಪತ್ರ ಬರೆದೆ. ಯಾವ ತರಗತಿ, ಯಾವ ಹೊತ್ತಿನಲ್ಲಿ, ಮಕ್ಕಳ ಹೆಸರು ಬರೆಯುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಪಾಠಕ್ಕೆ ತೊಂದರೆಯಾಗದ ಹಾಗೆ ಅಸೆಂಬ್ಲಿಗೆ ಮೊದಲು ಮಾಡುತ್ತೇನೆ, ಫಲಿತಾಂಶ ಮೊದಲು ನಿಮಗೇ ತೋರಿಸುತ್ತೇನೆ. ಆ ಪತ್ರಕ್ಕೆ ಅಲ್ಲೇ ಸಹಿ ಬಿತ್ತು. ಸಮೀಕ್ಷೆ ಮಾಡುವ ಯೋಚನೆ ಇರುವವರು ಇದನ್ನೆಲ್ಲ ಮೊದಲ ಪತ್ರದಲ್ಲೇ ಬರೆದುಬಿಡಿ. ವಾರಗಟ್ಟಲೆ ಉಳಿಯುತ್ತದೆ.

ತಕ್ಕಡಿಗೆ ಮಾವನ ಕೊಬ್ಬರಿ ಮಂಡಿಗೆ ಹೋದೆ. ಅಲ್ಲಿರುವ ದೊಡ್ಡ ತಕ್ಕಡಿ ಮೂಟೆ ತೂಗುವುದು. ಕೊಕ್ಕೆಗೆ ನೇತುಹಾಕುವ ಚಿಕ್ಕ ಡಿಜಿಟಲ್ ತಕ್ಕಡಿಯೂ ಒಂದಿತ್ತು. ಮಾವ ಅದನ್ನು ಕೈಗೆ ಕೊಡುವ ಮೊದಲು ಎರಡು ಕೆಜಿಯ ತೂಕದ ಕಲ್ಲು ನೇತುಹಾಕಿ ತೋರಿಸಿದರು. "ಯಾರಾದ್ರೂ ನಿನ್ನ ತಕ್ಕಡಿ ಸರಿ ಇಲ್ಲ ಅಂದ್ರೆ ಏನ್ ಹೇಳ್ತೀಯ ಪುಟ್ಟಿ? ಕಲ್ಲೂ ತಗೊಂಡು ಹೋಗು." ತಗೊಂಡು ಹೋದೆ. ಗಣಿತದ ಸರ್ ನಿಜವಾಗಿಯೂ ಬಂದು ಅದನ್ನೇ ಕೇಳಿದರು. ಕಲ್ಲು ನೇತುಹಾಕಿ ತೋರಿಸಿದೆ. ಅವರು ತಲೆಯಾಡಿಸಿ ಹೋದರು.

ಯಾವ ದಿನ ತೂಗಬೇಕು ಅನ್ನುವುದೂ ಮುಖ್ಯ. ಸೋಮವಾರ ಮಾತ್ರ ತೂಗಿದರೆ "ಭಾರದ ದಿನ ಆರಿಸಿಕೊಂಡಿದ್ದೀಯ" ಅನ್ನಬಹುದು. ಶನಿವಾರ ಅರ್ಧ ದಿನ, ಅವತ್ತು ಪುಸ್ತಕ ಕಡಿಮೆ. ಅದಕ್ಕೆ ಸೋಮವಾರವೂ, ವಾರದ ಮಧ್ಯದಲ್ಲೂ, ಶನಿವಾರವೂ ತೂಗಿದೆ. ಹಿಂದಿನ ದಿನ ಯಾರಿಗೂ ಹೇಳಲಿಲ್ಲ. ಬ್ಯಾಗಿನ ಒಟ್ಟು ತೂಕ ಬರೆದುಕೊಂಡು, ಆಮೇಲೆ ಪಠ್ಯಪುಸ್ತಕ, ನೋಟ್‌ಬುಕ್, ನೀರಿನ ಬಾಟಲಿ, ಊಟದ ಡಬ್ಬಿ ಬೇರೆ ಬೇರೆಯಾಗಿ ತೂಗಿದೆ. ಪಿಟಿ ಸರ್ ಹತ್ತಿರ ಮಕ್ಕಳ ದೇಹದ ತೂಕದ ಪಟ್ಟಿ ಇತ್ತು. ಅದರಿಂದ ಸರಾಸರಿ ಮಾತ್ರ ಕೇಳಿ ಪಡೆದೆ, ಒಬ್ಬೊಬ್ಬರದು ಬೇಡ ಅಂದೆ.

ಬಂದ ಫಲಿತಾಂಶ ನಾನು ಅಂದುಕೊಂಡ ಹಾಗಿರಲಿಲ್ಲ. ನಮ್ಮ ಒಂಬತ್ತನೇ ತರಗತಿಯ ಬ್ಯಾಗುಗಳು ಹೆಚ್ಚಿನವು ಮಿತಿಯ ಒಳಗೇ ಇದ್ದವು. ಭಾರ ಅನ್ನಿಸುತ್ತದೆ, ಆದರೆ ನಿಯಮ ದಾಟುವುದಿಲ್ಲ. ಆರನೇ ತರಗತಿಯವು ಮಾತ್ರ ಮಿತಿಯನ್ನು ಸ್ಪಷ್ಟವಾಗಿ ದಾಟಿದ್ದವು, ಶನಿವಾರ ಒಂದನ್ನು ಬಿಟ್ಟರೆ. ಇನ್ನೊಂದು ವಿಷಯವೂ ಗೊತ್ತಾಯಿತು. ಪಠ್ಯಪುಸ್ತಕ ನಾನು ಎಣಿಸಿದಷ್ಟು ಭಾರವಲ್ಲ. ಈಗ ಅವು ಭಾಗ 1, ಭಾಗ 2 ಅಂತ ಒಡೆದು ಬರುತ್ತವೆ. ಭಾರ ಇರುವುದು ದಪ್ಪ ನೋಟ್‌ಬುಕ್‌ಗಳಲ್ಲಿ, ಪ್ರತಿ ವಿಷಯಕ್ಕೂ ಕ್ಲಾಸ್‌ವರ್ಕ್ ಒಂದು, ಹೋಂವರ್ಕ್ ಒಂದು. ಮತ್ತೆ ನೀರು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಸ್ಟೀಲ್ ಬಾಟಲಿಯ ತೂಕ ಬೇರೆ. 30 ಕೆಜಿ ತೂಗುವ ಮಗುವಿಗೆ ಶೇ 10ರ ಲೆಕ್ಕದಲ್ಲಿ 3 ಕೆಜಿ ಬ್ಯಾಗು. ಅದರಲ್ಲಿ ಮೂರನೇ ಒಂದು ಭಾಗ ನೀರಿಗೇ ಹೋಗುತ್ತದೆ! ನಮ್ಮ ಶಾಲೆಯಲ್ಲಿ ಕುಡಿಯುವ ನೀರಿನ ಫಿಲ್ಟರ್ ಕೆಳಗಿನ ಮಹಡಿಯಲ್ಲಿ ಮಾತ್ರ ಇದೆ, ಬಿಡುವಿನಲ್ಲಿ ಅಲ್ಲಿ ಉದ್ದ ಸಾಲು. ಹಾಗಾಗಿ ಎಲ್ಲರೂ ಮನೆಯಿಂದಲೇ ತುಂಬಿಸಿ ತರುತ್ತಾರೆ. ಮಕ್ಕಳು ಬಾಟಲಿ ಹೊರಬೇಕಾಗದ ಹಾಗೆ ಶಾಲೆಯೇ ಒಳ್ಳೆಯ ಕುಡಿಯುವ ನೀರು ಕೊಡಬೇಕು ಅಂತ 2020ರ ನೀತಿಯಲ್ಲೂ ಇದೆ.

ಈ ಅಂಕಿಗಳನ್ನು ಹಿಡಿದುಕೊಂಡು "ಎಲ್ಲ ಮಕ್ಕಳ ಬ್ಯಾಗೂ ಭಾರ" ಅಂತ ಬರೆಯಲು ಆಗುವುದಿಲ್ಲ. ನಿಲುವನ್ನು ಚಿಕ್ಕದು ಮಾಡಿಕೊಂಡೆ. ಕೊನೆಗೆ ಉಳಿದದ್ದು ಹೀಗೆ: "ನಮ್ಮ ಶಾಲೆ ಆರರಿಂದ ಎಂಟನೇ ತರಗತಿಗೆ ದಿನಕ್ಕೆ ನಾಲ್ಕು ವಿಷಯ ಮಾತ್ರ ಬರುವ ಹಾಗೆ ಟೈಮ್‌ಟೇಬಲ್ ಬದಲಿಸಬೇಕು ಮತ್ತು ಎರಡನೇ ಮಹಡಿಯಲ್ಲಿ ಕುಡಿಯುವ ನೀರು ಇಡಬೇಕು." ಯಾರು, ಏನು, ಯಾವ ಮಕ್ಕಳಿಗೆ, ಎಲ್ಲವೂ ಒಂದೇ ವಾಕ್ಯದಲ್ಲಿ ಇದೆ. ಮಿಸ್ ಅದನ್ನು ಓದಿ ಮೊದಲ ಸಲ "ಹ್ಞಾಂ, ಈಗ ಶುರು ಮಾಡು" ಅಂದರು. ಆ ದಿನ ಎಷ್ಟು ಖುಷಿಯಾಯಿತು ಅಂದರೆ ಮನೆವರೆಗೂ ಅದೇ ವಾಕ್ಯ ಹೇಳಿಕೊಂಡು ನಡೆದೆ.

ಒಂದು ವಾಕ್ಯ ಬಿಡುವುದು ಮಾತ್ರ ತುಂಬಾ ಕಷ್ಟವಾಯಿತು. "ಭಾರದ ಬ್ಯಾಗಿನಿಂದ ಮಕ್ಕಳ ಬೆನ್ನುಮೂಳೆ ಶಾಶ್ವತವಾಗಿ ಬಾಗುತ್ತದೆ." ಇದು ಎಲ್ಲ ಕಡೆ ಕಾಣಿಸುವ ಮಾತು, ಓದಿದ ತಕ್ಷಣ ಎದೆಗೆ ತಾಗುತ್ತದೆ. ಅಮ್ಮನ ಜೊತೆ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರನ್ನು ಕೇಳಿದೆ. ಅವರು ಸಮಾಧಾನವಾಗಿ ಹೇಳಿದರು: "ಭುಜ ನೋವು, ಕುತ್ತಿಗೆ ನೋವು, ಬೆನ್ನು ನೋವು ಬರುತ್ತೆ. ಮಗು ಮುಂದಕ್ಕೆ ಬಾಗಿ ನಡೆಯುತ್ತೆ. ಅದನ್ನ ಬರಿ. ಆದ್ರೆ ಬ್ಯಾಗಿನಿಂದಲೇ ಮೂಳೆ ಶಾಶ್ವತವಾಗಿ ಬಾಗುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ, ಅದನ್ನ ಬರೀಬೇಡ." ಹೊಡೆದುಹಾಕಿದೆ. ಒಂದು ಕಡೆ ಹೆಚ್ಚು ಹೇಳಿದ್ದು ಸಿಕ್ಕಿಬಿದ್ದರೆ ಉಳಿದ ಎಲ್ಲ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ನಾನು ಇಷ್ಟು ಕಾದು, ತೂಗಿ ತಂದ ಅಂಕಿಗಳಿಗೆ ಆ ಗತಿ ಬರಬಾರದು ಅನ್ನಿಸಿತು.

ಹಾಗೇ ಇನ್ನೊಂದು. 1989ರಲ್ಲಿ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯಲ್ಲಿ ಮಕ್ಕಳ ಬ್ಯಾಗಿನ ಭಾರದ ಬಗ್ಗೆ ಮಾತಾಡಿದ್ದರು. ಮೈಸೂರಿನಲ್ಲಿ ಬಾಳಿದ ಅಷ್ಟು ದೊಡ್ಡ ಲೇಖಕರು, ನಾಮನಿರ್ದೇಶಿತ ಸದಸ್ಯರಾಗಿ ಹೋಗಿ ಮಕ್ಕಳ ಪರವಾಗಿ ಇದನ್ನು ಎತ್ತಿದರು ಅಂತ ತಿಳಿದಾಗ ನನಗೆ ರೋಮಾಂಚನವಾಯಿತು. ಆಮೇಲೆ ಕೇಂದ್ರ ಸರ್ಕಾರ ಪ್ರೊ. ಯಶ್‌ಪಾಲ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು, 1993ರಲ್ಲಿ ಅದರ ವರದಿ ಬಂತು. ಇದಕ್ಕೇ ಒಂದು ಪುಟ ಬರೆದಿದ್ದೆ. ಮಿಸ್ ಹೇಳಿದರು: "ದೊಡ್ಡವರು ಹೇಳಿದ್ರು ಅನ್ನೋದು ಗೌರವ ತರುತ್ತೆ. ಆದ್ರೆ ಟೈಮ್‌ಟೇಬಲ್ ಯಾಕೆ ಬದಲಾಗ್ಬೇಕು ಅನ್ನೋದಕ್ಕೆ ಅದು ಕಾರಣ ಅಲ್ಲ." ಪೀಠಿಕೆಯಲ್ಲಿ ಎರಡು ಸಾಲಿಗೆ ಇಳಿಸಿದೆ. ಇದು ಹೊಸ ದೂರಲ್ಲ, ಮೂವತ್ತು ವರ್ಷಕ್ಕಿಂತ ಹಳೆಯದು ಅಂತ ತೋರಿಸಲು ಅಷ್ಟು ಸಾಕು. ನಮ್ಮಲ್ಲಿ ತುಂಬಾ ಜನ ಗಾದೆ, ಸುಭಾಷಿತ, ಮಹಾತ್ಮರ ಮಾತುಗಳಿಂದ ಪುಟ ತುಂಬಿಸುತ್ತೇವೆ. ಮಾಹಿತಿ ಪ್ರಬಂಧಕ್ಕೆ ಅದು ನಡೆಯಬಹುದು, ಇಲ್ಲಿ ನಡೆಯುವುದಿಲ್ಲ.

ಈಗ ಬರವಣಿಗೆ. ಮಿಸ್ ಒಂದು ವಿಚಿತ್ರ ಕ್ರಮ ಹೇಳಿಕೊಟ್ಟರು. "ಮೊದಲು ಪೂರ್ವಪಕ್ಷ ಬರಿ. ನಮ್ಮ ಹಿಂದಿನ ಪಂಡಿತರು ವಾದ ಮಾಡ್ತಾ ಇದ್ದದ್ದೇ ಹಾಗೆ. ಎದುರಿನವರ ಮಾತನ್ನ ಅವರಿಗಿಂತ ಚೆನ್ನಾಗಿ ನೀನು ಹೇಳ್ಬೇಕು. ಆಮೇಲೆ ನಿನ್ನ ಸಿದ್ಧಾಂತ." ನಾನು ಮನೆಯಲ್ಲಿ ಕೂತು ಗಣಿತದ ಸರ್ ಏನು ಹೇಳಬಹುದು ಅಂತ ಊಹಿಸಿ ಬರೆದೆ. "ಮಕ್ಕಳು ಸೋಮಾರಿಗಳಾಗುತ್ತಾರೆ" ಅಂತ ಬರೆದಿದ್ದೆ. ಮಿಸ್ ಅದನ್ನು ನೋಡಿ, "ಸರ್ ಹೀಗೆ ಹೇಳ್ತಾರೆ ಅಂತ ಯಾರು ಹೇಳಿದ್ದು? ಸ್ಟಾಫ್ ರೂಮ್ ಇಲ್ಲೇ ಇದೆ, ಹೋಗಿ ಕೇಳು" ಅಂದರು.

ಕೇಳಲು ಧೈರ್ಯ ಬರಲು ಸ್ವಲ್ಪ ಸಮಯ ಹಿಡಿಯಿತು. ಹೋದಾಗ ಸರ್ ಬೈಯಲಿಲ್ಲ. ಕುರ್ಚಿ ತೋರಿಸಿ, ತಮ್ಮ ಟೈಮ್‌ಟೇಬಲ್ ಹಾಳೆ ಬಿಚ್ಚಿ ಇಟ್ಟರು. ಅವರ ಆಕ್ಷೇಪಗಳಲ್ಲಿ ಒಂದೂ ನಾನು ಊಹಿಸಿದ್ದಲ್ಲ. ಗಣಿತ ದಿನಾ ಅಭ್ಯಾಸ ಬೇಕಾದ ವಿಷಯ, ದಿನ ಬಿಟ್ಟು ದಿನ ಬಂದರೆ ಮಕ್ಕಳಿಗೆ ಕೈ ತಪ್ಪುತ್ತದೆ. ಒಂದೇ ವಿಷಯ 40 ನಿಮಿಷದ ಎರಡು ಪೀರಿಯಡ್ ಸೇರಿ 80 ನಿಮಿಷ ನಡೆದರೆ ಆರನೇ ತರಗತಿಯ ಮಕ್ಕಳು ಕೂರುವುದಿಲ್ಲ. ಒಂದು ದಿನ ರಜೆ ಹಾಕಿದ ಮಗುವಿಗೆ ಎರಡು ಪಾಠ ಒಟ್ಟಿಗೆ ತಪ್ಪುತ್ತದೆ. ಹಿಂದಿ ಟೀಚರ್ ಒಬ್ಬರೇ ಐದು ತರಗತಿ ನೋಡಿಕೊಳ್ಳುತ್ತಾರೆ, ಜೋಡಿ ಪೀರಿಯಡ್ ಮಾಡಿದರೆ ಅವರಿಗೆ ಬಿಡುವೇ ಇರುವುದಿಲ್ಲ. ಪುಸ್ತಕಗಳನ್ನು ಶಾಲೆಯಲ್ಲೇ ಇಡೋಣ ಅಂತ ನಾನು ಕೇಳಿದ್ದಕ್ಕೂ ಉತ್ತರ ಸಿದ್ಧವಾಗಿತ್ತು: ಮಗುವಿಗೆ ಇರುವುದು ಒಂದೇ ಸೆಟ್, ಶಾಲೆಯಲ್ಲಿಟ್ಟರೆ ಮನೆಯಲ್ಲಿ ಏನು ಓದುತ್ತದೆ? ಆ ಸಲಹೆಯನ್ನು ಅಲ್ಲೇ ಕೈಬಿಟ್ಟೆ.

ಇದನ್ನು ಬರೆಯುತ್ತಿರುವ ಮುಖ್ಯ ಕಾರಣವೇ ಈ ಭೇಟಿ. ಯಾರನ್ನು ಒಪ್ಪಿಸಬೇಕೋ ಅವರ ಹತ್ತಿರ ಹೋಗಿ ಮಾತಾಡಿ. ಹೋಗಲು ಆಗದಿದ್ದರೆ ಅವರ ಹಾಗೆ ಯೋಚಿಸುವ ಇನ್ನೊಬ್ಬರ ಹತ್ತಿರ ಹೋಗಿ. ನಾವು ಮನೆಯಲ್ಲಿ ಕೂತು ಕಲ್ಪಿಸಿಕೊಳ್ಳುವ ವಿರೋಧಿ ಯಾವಾಗಲೂ ದುರ್ಬಲ, ಅವರನ್ನು ಸೋಲಿಸುವುದು ಸುಲಭ. ಆದರೆ ನಿಜವಾದ ಓದುಗ ಆ ಪುಟ ಓದಿ "ಇದು ನನ್ನ ಮಾತೇ ಅಲ್ಲ" ಅಂತ ಪಕ್ಕಕ್ಕೆ ಇಡುತ್ತಾರೆ.

ಸರ್ ಹೇಳಿದ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಹುಡುಕಿದೆ. ಗಣಿತದ ಮಾತು ಸರಿ ಇತ್ತು, ಒಪ್ಪಿಕೊಂಡೆ. ಗಣಿತ ದಿನಾ ಒಂದು ಪೀರಿಯಡ್ ಇರಲಿ, ಉಳಿದವುಗಳಲ್ಲಿ ಮೂರು ವಿಷಯ ಜೋಡಿಯಾಗಿ ಬರಲಿ. ನಮ್ಮದು ದಿನಕ್ಕೆ ಏಳು ಪೀರಿಯಡ್, ಲೆಕ್ಕ ಸರಿಯಾಗಿ ಕೂತಿತು. ಪಿಟಿ ಇರುವ ದಿನ ಒಂದು ಜೋಡಿಯಲ್ಲಿ ಒಂದು ಪೀರಿಯಡ್ ಅದಕ್ಕೆ. 80 ನಿಮಿಷದ ವಿಷಯಕ್ಕೆ, ಎರಡನೇ ಅರ್ಧದಲ್ಲಿ ಮಕ್ಕಳು ಅಲ್ಲೇ ಬರೆಯಲಿ ಅಂದೆ. ಹಾಗೆ ಮಾಡಿದರೆ ಹೋಂವರ್ಕ್ ಕಡಿಮೆಯಾಗುತ್ತದೆ, ಎರಡು ನೋಟ್‌ಬುಕ್ ಬದಲು ಒಂದೇ ಸಾಕಾಗುತ್ತದೆ, ಭಾರ ಅಲ್ಲಿಯೂ ಇಳಿಯುತ್ತದೆ. ಹಿಂದಿ ಟೀಚರ್ ವಿಷಯಕ್ಕೆ ಹಾಳೆ ಹರವಿಕೊಂಡು ಟೈಮ್‌ಟೇಬಲ್ ನಾನೇ ಹಾಕಿ ನೋಡಿದೆ. ಅಳಿಸಿ, ಮತ್ತೆ ಹಾಕಿ, ರಬ್ಬರ್ ಸವೆದುಹೋಯಿತು. ಆರನೇ ತರಗತಿ ಒಂದಕ್ಕೆ ಮಾತ್ರ ಸರಿಯಾಗಿ ಕೂರಿಸಲು ಆಯಿತು. ಏಳು, ಎಂಟಕ್ಕೆ ಆಗಲಿಲ್ಲ. ಅದಕ್ಕೆ ಪ್ರಬಂಧದಲ್ಲಿ "ಮೊದಲು ಆರನೇ ತರಗತಿಯಲ್ಲಿ ಒಂದು ತಿಂಗಳು ಮಾಡಿ ನೋಡೋಣ" ಅಂತ ಕೇಳಿದೆ. ರಜೆ ಹಾಕಿದ ಮಗುವಿನ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲಿಲ್ಲ. ಅದನ್ನು ಮುಚ್ಚಿಡದೆ, ಇದು ನಿಜವಾದ ತೊಂದರೆ ಅಂತಲೇ ಬರೆದೆ.

ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ ಇದೆಯಲ್ಲ, ಅದು ಸಾಲದಾ ಅಂತ ಅಪ್ಪ ಕೇಳಿದರು. ಅದೂ ರಾಜ್ಯದ ಸುತ್ತೋಲೆಯಲ್ಲೇ ಇದೆ. ಒಂದು ದಿನ ಬ್ಯಾಗ್ ಇಲ್ಲದಿದ್ದರೆ ಉಳಿದ ದಿನಗಳ ಬ್ಯಾಗು ಹಗುರವಾಗುವುದಿಲ್ಲ ಅಂತ ಒಂದು ಸಾಲು ಸೇರಿಸಿದೆ.

ಕರಡು ಬರೆಯುವಾಗ ತುಂಬಾ ಕೆಲಸಕ್ಕೆ ಬಂದದ್ದು "ಆದ್ದರಿಂದ" ಪರೀಕ್ಷೆ. ಪುರಾವೆಗೂ ನಿಲುವಿಗೂ ಮಧ್ಯೆ "ಆದ್ದರಿಂದ" ಇಟ್ಟು ಜೋರಾಗಿ ಓದಬೇಕು. "ಆರನೇ ತರಗತಿಯ ಬ್ಯಾಗು ಮಿತಿ ದಾಟಿದೆ, ಆದ್ದರಿಂದ ಟೈಮ್‌ಟೇಬಲ್ ಬದಲಿಸಬೇಕು." ಓದಿದ ತಕ್ಷಣ ತಮ್ಮನೇ ಕೇಳಿದ: "ಬೇಡದ ಪುಸ್ತಕ ತರಬೇಡಿ ಅಂದ್ರೆ ಸಾಕಲ್ವಾ?" ಮಧ್ಯದಲ್ಲಿ ಒಂದು ಮೆಟ್ಟಿಲು ಇರಲಿಲ್ಲ. ಅವನ ಟೈಮ್‌ಟೇಬಲ್ ತೆಗೆದು ನೋಡಿದರೆ ಹೆಚ್ಚಿನ ದಿನಗಳಲ್ಲಿ ಆರೂ ವಿಷಯಗಳು ಇವೆ. ಅಂದರೆ ಮಗು ಟೈಮ್‌ಟೇಬಲ್ ಪ್ರಕಾರ ತಂದರೂ ಎಲ್ಲ ಪುಸ್ತಕ ತರಲೇಬೇಕು. ಈ ವಾಕ್ಯ ಸೇರಿದ ಮೇಲೆ ವಾದ ಕೂಡಿಕೊಂಡಿತು. ನಿಮಗಿಂತ ಚಿಕ್ಕವರ ಮುಂದೆ ಓದಿ, ಅವರು ಮುಲಾಜಿಲ್ಲದೆ ಕೇಳುತ್ತಾರೆ.

ಮೊದಲ ಕರಡು ಮಿಸ್ ಕೈಯಿಂದ ವಾಪಸ್ ಬಂದಾಗ ಕೆಂಪು ಗೆರೆಗಳು ಹೆಚ್ಚಾಗಿ ನನ್ನ ಆವೇಶದ ಮಾತುಗಳ ಕೆಳಗಿದ್ದವು. "ಎಳೆಯ ಹೃದಯಗಳ ಆಕ್ರಂದನ", "ಕಲ್ಲು ಮನಸ್ಸಿನ ವ್ಯವಸ್ಥೆ". ಬರೆಯುವಾಗ ನನಗೆ ತುಂಬಾ ಇಷ್ಟವಾಗಿದ್ದ ಸಾಲುಗಳು ಅವು. "ಇದನ್ನ ಓದಿದ ಮೇಲೆ ಸರ್ ಮುಂದಿನ ಪುಟ ತಿರುಗಿಸ್ತಾರಾ?" ಅಂತ ಪಕ್ಕದಲ್ಲಿ ಬರೆದಿದ್ದರು. ಎರಡು ದಿನ ಆ ಹಾಳೆ ಮುಟ್ಟಲಿಲ್ಲ, ಅಳುವೇ ಬಂದಿತ್ತು. ಆಮೇಲೆ ಎಲ್ಲವನ್ನೂ ತೆಗೆದು, ನನ್ನ ತಮ್ಮ ಮೆಟ್ಟಿಲ ಮಧ್ಯೆ ನಿಲ್ಲುವುದನ್ನು ಮಾತ್ರ ಇಟ್ಟುಕೊಂಡೆ. ಅದನ್ನು ಹೇಗೆ ಕಂಡೆನೋ ಹಾಗೆ ಬರೆದೆ, ಅಯ್ಯೋ ಅನ್ನುವ ಮಾತು ಸೇರಿಸಲಿಲ್ಲ.

ಪೀಠಿಕೆ ಕೊನೆಗೆ ಬರೆಯಿರಿ. ಏನು ಹೇಳುತ್ತೀರಿ ಅಂತ ಗೊತ್ತಾಗುವ ಮೊದಲು ಬರೆದ ಪೀಠಿಕೆ ಆಧುನಿಕ ಯುಗದಲ್ಲೇ ಶುರುವಾಗುತ್ತದೆ. ನನ್ನ ಪೀಠಿಕೆ ಮೆಟ್ಟಿಲಿನಿಂದ ಶುರುವಾಗಿ, 1989ರ ಮಾತು ತಾಗಿಸಿ, ನಿಲುವಿನ ವಾಕ್ಯದಲ್ಲಿ ನಿಂತಿತು. ಆಮೇಲೆ ತೂಕದ ಪಟ್ಟಿ, ಸುತ್ತೋಲೆಯ ಮಿತಿ, ಟೈಮ್‌ಟೇಬಲ್. ಮೂರನೇ ಪುಟ ಪೂರ್ತಿ ಸರ್ ಅವರ ಆಕ್ಷೇಪಗಳು ಮತ್ತು ಉತ್ತರ. ನೀರಿನ ವಿಷಯವನ್ನು ಕೊನೆಗೆ ಇಟ್ಟೆ, ಯಾಕಂದರೆ ಅದಕ್ಕೆ ಯಾರ ಪಾಠವೂ ಬದಲಾಗಬೇಕಿಲ್ಲ, ಒಪ್ಪಿಕೊಳ್ಳುವುದು ಸುಲಭ. ಉಪಸಂಹಾರದಲ್ಲಿ ಹೇಳಿದ್ದನ್ನೇ ಮತ್ತೆ ಹೇಳದೆ, ಒಂದು ತಿಂಗಳ ಪ್ರಯೋಗದ ಬೇಡಿಕೆ ಮತ್ತು ನಾನು ಹಾಕಿದ ಆರನೇ ತರಗತಿಯ ಟೈಮ್‌ಟೇಬಲ್ ಜೋಡಿಸಿದೆ. ಓದಿದವರು ನಾಳೆಯೇ ಮಾಡಬಹುದಾದ ಒಂದು ಕೆಲಸ ಅವರ ಕೈಯಲ್ಲಿ ಇರಬೇಕು.

ಖರ್ಚು ಹೆಚ್ಚೇನೂ ಇಲ್ಲ. ಜೆರಾಕ್ಸ್, ಗೆರೆ ಹಾಳೆ, ರಟ್ಟಿನ ಫೈಲು, ಎಲ್ಲ ಸೇರಿ ನೂರು ರೂಪಾಯಿ ಒಳಗೆ. ಡಿಟಿಪಿ ಮಾಡಿಸಬೇಕಾ ಅಂತ ಕೇಳಿದ್ದೆವು, ಕೈಬರಹವೇ ಬೇಕು ಅಂದರು. ಅಂಕಿಗಳು ಎಲ್ಲಿಂದ ಬಂದವು ಅಂತ ಕೊನೆಯ ಹಾಳೆಯಲ್ಲಿ ಬರೆಯಿರಿ, ಸುತ್ತೋಲೆಯ ಜೆರಾಕ್ಸ್ ಹಿಂದೆ ಸೇರಿಸಿ. ಕರಡುಗಳನ್ನು ಬಿಸಾಡಬೇಡಿ. ಫೋನ್‌ನಿಂದ ಇಳಿಸಿದ್ದಲ್ಲ ಅಂತ ತೋರಿಸಲು ನಮ್ಮ ಕ್ಲಾಸಿನಲ್ಲಿ ಎಲ್ಲರ ಕರಡುಗಳನ್ನೂ ಕೇಳಿದರು. ಇಲ್ಲದವರು ಮತ್ತೆ ಬರೆಯಬೇಕಾಯಿತು.

ಅಂಕ ಚೆನ್ನಾಗಿ ಬಂತು. ಮಿಸ್ ನನ್ನ ಒಪ್ಪಿಗೆ ಕೇಳಿ ಫೈಲನ್ನು ಗಣಿತದ ಸರ್‌ಗೆ ಕೊಟ್ಟರು. ವಾಪಸ್ ಬಂದಾಗ ನನ್ನ ಟೈಮ್‌ಟೇಬಲ್‌ನಲ್ಲಿ ಗುರುವಾರದ ಎರಡು ಪೀರಿಯಡ್‌ಗಳನ್ನು ಪೆನ್ಸಿಲ್‌ನಲ್ಲಿ ಅದಲು ಬದಲು ಮಾಡಿದ್ದರು, ಅಲ್ಲಿ ವಿಜ್ಞಾನದ ಲ್ಯಾಬ್ ಖಾಲಿ ಇರುವುದಿಲ್ಲವಂತೆ. ಕೆಳಗೆ ಬರೆದಿದ್ದರು: "ದಸರಾ ರಜೆ ಮುಗಿದ ಮೇಲೆ ಆರನೇ ತರಗತಿಗೆ ಮಾಡಿ ನೋಡೋಣ. ರಜೆ ಹಾಕಿದ ಮಗುವಿಗೆ ಏನು ಮಾಡುವುದು? ಉತ್ತರ ತೆಗೆದುಕೊಂಡು ಬಾ." ನೀರಿನ ಫಿಲ್ಟರ್ ವಿಷಯ ಆಡಳಿತ ಮಂಡಳಿಯ ಸಭೆಗೆ ಹೋಗಿದೆ, ಇನ್ನೂ ಏನೂ ಗೊತ್ತಾಗಿಲ್ಲ.

ಪಾಠ ತಪ್ಪಿದ ಮಗುವಿಗೆ ಪಕ್ಕದಲ್ಲಿ ಕೂರುವವರು ಅದೇ ಜೋಡಿ ಪೀರಿಯಡ್‌ನ ಬರೆಯುವ ಹೊತ್ತಿನಲ್ಲಿ ಹೇಳಿಕೊಡಬಹುದಾ ಅಂತ ಯೋಚಿಸುತ್ತಿದ್ದೇನೆ. ನಿಮ್ಮ ಶಾಲೆಯಲ್ಲಿ ಈಗಾಗಲೇ ಜೋಡಿ ಪೀರಿಯಡ್ ನಡೆಯುತ್ತಿದ್ದರೆ, ಅಲ್ಲಿ ಏನು ಮಾಡುತ್ತಾರೆ ಅಂತ ದಯವಿಟ್ಟು ತಿಳಿಸಿ. ರಜೆ ಮುಗಿಯುವುದರೊಳಗೆ ಸರ್‌ಗೆ ಹೇಳಬೇಕು.